ತೋಡಿನ ಕಾವಲು ಮತ್ತು ಒಂದು ಪೆಟ್ಟಿಗೆ ಬಂಗುಡೆ

ಮೀನು ಮಾರುವವನು ಮೀನು ಉಳಿಸುವ ಸಂಘಕ್ಕೆ ಸೇರಬಾರದು. ಸೇರಿದರೆ ಏನಾಗುತ್ತದೆ ಎಂದು ನನ್ನನ್ನು ಕೇಳಿ.

ನಾನು ಆರನೇ ಕ್ಲಾಸಿಗೆ ಶಾಲೆ ಬಿಟ್ಟವನು. ಬಿಟ್ಟೆ, ಅಷ್ಟೆ. ಅದಕ್ಕಾಗಿ ಯಾರ ಹತ್ತಿರವೂ ಕನಿಕರ ಬೇಡಿಲ್ಲ. ಮೊದಲು ಸೈಕಲ್ಲಿನ ಹಿಂದೆ ಬುಟ್ಟಿ ಕಟ್ಟಿಕೊಂಡು ಮೀನು ಮಾರಿದೆ, ಆಮೇಲೆ ಎಂ-ಏಟಿ ಮೊಪೆಡ್ಡಿನಲ್ಲಿ, ಈಗ ಸ್ವಂತ ಪಿಕಪ್ಪಿನಲ್ಲಿ. ಬೆಳಗಾಗುವ ಮೊದಲು ಪುತ್ತೂರಿನಲ್ಲಿ ಲೋಡು ಮಾಡಿಕೊಂಡು, ಕೊಯಿಲ ದಾರಿಯಾಗಿ ಕಡಬದವರೆಗೆ ಹೋಗುವುದು ನನ್ನ ಲೈನು. ನನ್ನ ಹಾರ್ನ್ ಕೇಳಿದರೆ ಬೆಕ್ಕುಗಳು ಮೊದಲು ರಸ್ತೆಗೆ ಬರುತ್ತವೆ, ಆಮೇಲೆ ಹೆಂಗಸರು. ಆ ಹಾರ್ನನ್ನು ನಾನೇ ಹುಡುಕಿ ಹಾಕಿಸಿದ್ದು. ಅಂಥದ್ದು ಆ ಲೈನಿನಲ್ಲಿ ಬೇರೆ ಯಾರಿಗೂ ಇಲ್ಲ.

ಸಂಘಕ್ಕೆ ನಾನು ಸೇರಿದ್ದಲ್ಲ, ನನ್ನ ಪಿಕಪ್ಪು ಸೇರಿದ್ದು. ನಮ್ಮ ಬೈಲಿನ ತಲೆಯಲ್ಲಿ ಒಂದು ಮದಕ ಉಂಟು. ಮದಕ ಎಂದರೆ ಗುಡ್ಡದ ನೀರು ಇಳಿದು ನಿಲ್ಲುವ ಕೆರೆ. ಒಂದು ಬದಿಗೆ ಹಿಂದಿನವರು ಮಣ್ಣಿನ ಕಟ್ಟೆ ಹಾಕಿದ್ದಾರೆ. ಅದನ್ನೂ ಅದರ ಸುತ್ತಿನ ಜೌಗನ್ನೂ ಮೇಲಿನ ಕಾಡಿನ ತುಂಡನ್ನೂ ಉಳಿಸಬೇಕು ಎಂದು ಊರಿನ ಕೆಲವರು ಸೇರಿ ಸಂಘ ಮಾಡಿದರು. ದೊಡ್ಡ ದೊಡ್ಡ ದಾನಿಗಳು ಬೇಡ, ಮನೆಮನೆಯಿಂದ ಆಗುವಷ್ಟು ಸಹಾಯ ಸಾಕು ಎಂದರು. ಒಬ್ಬ ಬಿದಿರು ಕೊಟ್ಟ, ಒಬ್ಬ ಕಲ್ಲು ಕೊಟ್ಟ, ಒಂದು ಮನೆಯವರು ಶ್ರಮದಾನದ ದಿನ ಗಂಜಿ, ಚಟ್ನಿ ಕೊಟ್ಟರು. ಇದನ್ನೆಲ್ಲ ಸಾಗಿಸುವವರು ಯಾರು? ಊರಿಗೆಲ್ಲ ನಾನು ಕಾಕ. "ಕಾಕ, ನಿಮ್ಮ ಗಾಡಿ ಉಂಟಲ್ಲ?" ಗಾಡಿ ಇದ್ದವನ ಹಣೆಬರಹವೇ ಇಷ್ಟು. ಕಲ್ಲು ಇಳಿಸಿ, ಗಾಡಿ ತೊಳೆದು, ಮರುದಿನ ಅದಕ್ಕೆ ಮೀನು ತುಂಬಿಸುವ ಹೊತ್ತಿಗೆ ನಾನು ಕಾರ್ಯಕಾರಿ ಸಮಿತಿಯ ಸದಸ್ಯನಾಗಿದ್ದೆ.

ಆದರೂ ಮದಕ ನನಗೆ ಹಿಡಿಸಿತು. ಸುಳ್ಳು ಯಾಕೆ ಹೇಳಲಿ. ಲೈನು ಮುಗಿಸಿ ಅದರ ಕಟ್ಟೆಯ ಮೇಲೆ ಬುತ್ತಿ ಬಿಚ್ಚಿದರೆ, ಎದುರಿನ ಹುಲ್ಲಿನಲ್ಲಿ ನೀರುಕೋಳಿ ಮರಿಗಳನ್ನು ಹಿಂದೆ ಕಟ್ಟಿಕೊಂಡು ಓಡುವುದು ಕಾಣುತ್ತದೆ. ಒಮ್ಮೆ ನೀರುನಾಯಿಗಳನ್ನೂ ಕಂಡಿದ್ದೇನೆ. ಅವೂ ನನ್ನ ಹಾಗೆಯೇ, ಮೀನಿನ ಮೇಲೆ ಬದುಕುವವು.

ಮದಕಕ್ಕೆ ಮೀನು ಬರುವುದು ಹೊಳೆಯಿಂದ. ಮೊದಲ ದೊಡ್ಡ ಮಳೆಗೆ ಹೊಳೆಯ ಮೀನು ಮೊಟ್ಟೆ ಇಡುವುದಕ್ಕೆ ತೋಡು, ಅಂದರೆ ಗದ್ದೆಗಳ ನಡುವಿನ ಸಣ್ಣ ಹಳ್ಳ, ಹಿಡಿದು ಮೇಲೆ ಹತ್ತುತ್ತದೆ. ಇದಕ್ಕೆ ನಮ್ಮಲ್ಲಿ ಉಬರ್ ಮೀನು ಎನ್ನುತ್ತಾರೆ. ಹೊಟ್ಟೆ ತುಂಬ ಮೊಟ್ಟೆ ಇರುವ ಮೀನು ಕೈಗೆ ಸಿಕ್ಕುವಷ್ಟು ನೀರಿನಲ್ಲಿ ಎದುರಿಗೇ ಬಂದರೆ ಬಿಡುವವರು ಯಾರು? ಬಲೆ, ಬಿದಿರಿನಲ್ಲಿ ಬುಟ್ಟಿಯ ಹಾಗೆ ಹೆಣೆದ ಕೂಳಿ, ಕತ್ತಿ, ಸೊಳ್ಳೆಪರದೆ, ಕೈಗೆ ಸಿಕ್ಕಿದ್ದನ್ನು ಹಿಡಿದು ಊರಿಗೆ ಊರೇ ತೋಡಿಗೆ ಇಳಿಯುತ್ತದೆ. ಮೊದಲ ಮಳೆಗೆ ಉಬರ್ ಮೀನಿನ ಸಾರು ಆಗಲೇಬೇಕು, ಶಾಸ್ತ್ರ.

ಆ ತೋಡು ಹಾಯುವುದು ಒಬ್ಬ ಅಕ್ಕನ ಗದ್ದೆಯ ನಡುವೆ. ಸುಳ್ಯದ ಕಡೆಯಿಂದ ಮದುವೆಯಾಗಿ ಬಂದವರು. ಮನೆಯಲ್ಲಿ ಅರೆಭಾಷೆ, ನನ್ನ ಹತ್ತಿರ ಕನ್ನಡ. ನಮ್ಮ ಬೈಲಿನಲ್ಲಿ ಈಗಲೂ ಭತ್ತ ಬೆಳೆಯುವವರು ಅವರೊಬ್ಬರೇ. ಪ್ರತಿವರ್ಷ ಮೀನಿನ ಹಿಂದೆ ಓಡುವವರು ಅವರ ಗದ್ದೆಯ ಹುಣಿ ಮೆಟ್ಟಿ ಒಡೆಯುತ್ತಿದ್ದರು. ಹುಣಿ ಎಂದರೆ ಗದ್ದೆಯ ಬದು. ಅದು ಒಡೆದರೆ ನೀರು ನುಗ್ಗಿ ನೇಜಿ, ಅಂದರೆ ಭತ್ತದ ಸಸಿ, ಬುಡಸಮೇತ ತೊಳೆದುಹೋಗುತ್ತದೆ. ಹೋದ ವರ್ಷ ಬೇಸಿಗೆಯಲ್ಲಿ ಅವರು ಸಂಘದವರನ್ನು ಜಗಲಿಯಲ್ಲಿ ಕೂರಿಸಿ ಚಾ ಕೊಟ್ಟು, ಹೇಳುವುದನ್ನು ಹೇಳಿಬಿಟ್ಟರು.

"ಈ ವರ್ಷ ನನ್ನ ಹುಣಿ ಒಡೆದರೆ, ಮತ್ತೆ ಗದ್ದೆ ಇಲ್ಲ. ಮಣ್ಣು ತುಂಬಿಸಿ ಅಡಿಕೆ ಇಡುದು. ತೋಡಿಗೆ ಪೈಪ್ ಹಾಕ್ತೇನೆ. ಜೆಸಿಬಿಯವನ ಹತ್ತಿರ ಮಾತಾಡಿ ಆಗಿದೆ."

"ಪೈಪಿನಲ್ಲಿ ಮೀನು ಹತ್ತುದಿಲ್ಲ ಅಕ್ಕ" ಎಂದೆ.

"ಮೀನು ಹತ್ತಲಿ, ಬಿಡಲಿ. ನಾನು ಬೆಳೆಯುದು ಮೀನಲ್ಲ, ಭತ್ತ."

ತಪ್ಪು ಅವರದ್ದಲ್ಲ. ಆದರೆ ಮೀನು ಹತ್ತದಿದ್ದರೆ ಮದಕ ಬರೀ ನೀರಿನ ಗುಂಡಿ. ನೀರುನಾಯಿಯೂ ಇಲ್ಲ, ಕೊಕ್ಕರೆಯೂ ಇಲ್ಲ. ನಾನು ಮೂರು ಬೇಸಿಗೆ ಹೊತ್ತ ಕಲ್ಲಿಗೆ ಅರ್ಥವೂ ಇಲ್ಲ. "ಈ ಸಲ ತೋಡಿಗೆ ಒಬ್ಬನೂ ಇಳಿಯುದಿಲ್ಲ, ಜವಾಬ್ದಾರಿ ನನ್ನದು" ಎಂದು ಹೇಳಿ ಎದ್ದು ಬಂದೆ. ಆಡಿದ ಮಾತಿಗೆ ನಾನು ತಪ್ಪುವುದಿಲ್ಲ. ಅದೇ ನನ್ನ ರೋಗ.

ಆ ಮೇಲೆ ನಡೆದ ಮೀಟಿಂಗನ್ನು ನೆನೆದರೆ ಈಗಲೂ ಮಂಡೆಬೆಚ್ಚ. ನಾನು ಹೇಳಿದ್ದು ಸರಳ ಮಾತು. ಮಳೆಗಾಲದ ಮೊದಲ ಎರಡು ತಿಂಗಳು ಕಡಲಿನಲ್ಲಿ ಬೋಟು ಬಂದ್. ಯಾಕೆ? ಮೀನು ಮರಿ ಮಾಡಲಿ ಎಂದು. ಕಡಲಿನ ಮೀನಿಗೆ ಅಷ್ಟು ರಜೆ ಉಂಟು, ನಮ್ಮ ತೋಡಿನ ಮೀನಿಗೆ ಒಂದು ವಾರ ಕೊಡಲು ಆಗುವುದಿಲ್ಲವಾ?

ಹಿಂದಿನ ಬೆಂಚಿನಿಂದ ಒಬ್ಬ ಹೇಳಿದ, "ಕಾಕ, ನಾವು ಉಬರ್ ಮೀನು ತಿಂದರೆ ನಿಮ್ಮ ಬಂಗುಡೆ ಯಾರು ತೆಗೆದುಕೊಳ್ಳುದು, ಅದಲ್ವಾ ವಿಷಯ?"

ಎಲ್ಲರೂ ನಕ್ಕರು. ಕಡಬದಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿರುವ ನಮ್ಮ ಅಧ್ಯಕ್ಷರೂ ಮೈಕಿನ ಎದುರೇ ನಕ್ಕರು.

"ಬೋಟು ಬಂದ್ ಆದರೆ ನನ್ನ ಹತ್ತಿರ ಬಂಗುಡೆ ಎಲ್ಲಿಂದ ಬರುದು ಮಾರಾಯ? ನಿನ್ನ ಬಾವಿಯಿಂದವಾ?" ಎಂದೆ.

"ಓಹೋ, ಕೆಲಸ ಇಲ್ಲದ ಸೀಸನ್ನಿಗೆ ಕಾಕನಿಗೊಂದು ಕಾವಲಿನ ಕೆಲಸ!"

ಅಂತೂ ಠರಾವು ಪಾಸಾಯಿತು. ಮಳೆ ಹಿಡಿದ ಕೂಡಲೇ ಸದಸ್ಯರು ಸರದಿಯಲ್ಲಿ ತೋಡಿನ ಬದಿ ಕಾವಲು ನಿಲ್ಲುವುದು. ಎಲ್ಲರೂ ಕೈ ಎತ್ತಿದರು. ನಮ್ಮೂರಿನಲ್ಲಿ ಕೈ ಎತ್ತುವುದಕ್ಕೆ ಎಂದೂ ಜನ ಕಡಿಮೆಯಾದದ್ದಿಲ್ಲ.

ಮಳೆ ಬಂದದ್ದು ಶುಕ್ರವಾರ. ಜುಮ್ಮಾ ಮುಗಿಸಿ ಹೊರಗೆ ಬರುವಾಗ ಗುಂಡ್ಯದ ಕಡೆಯ ಘಟ್ಟವೇ ಕಾಣುತ್ತಿರಲಿಲ್ಲ, ಅಷ್ಟು ಕಪ್ಪು. ಮನೆಗೂ ಹೋಗದೆ ಸೀದಾ ತೋಡಿಗೆ ಬಂದೆ. ಸಂಘದ ವಾಟ್ಸಾಪ್ ಗ್ರೂಪಿನಲ್ಲಿ ವಾಯ್ಸ್ ಹಾಕಿದೆ: "ಮಳೆ ಬಂತು, ಬನ್ನಿ." ಸಾಲಾಗಿ ಹೆಬ್ಬೆರಳುಗಳು ಬಂದವು. ಒಬ್ಬ ಕೈಮುಗಿಯುವ ಚಿತ್ರ ಹಾಕಿದ. ಇನ್ನೊಬ್ಬ, "ನಾನು ಮನೆಒಕ್ಕಲಿನ ಊಟದಲ್ಲಿ ಇದ್ದೇನೆ, ನೀವು ಶುರು ಮಾಡಿ" ಎಂದ. ಎಂತ ಶುರು ಮಾಡುವುದು? ನಿಲ್ಲುವುದನ್ನಾ? ಕೊಡೆ ಬಿಚ್ಚಿ ಒಬ್ಬನೇ ನಿಂತೆ.

ಸಂಜೆಗೆ ತೋಡು ಕೆಂಪಾಯಿತು. ಮೀನಿಗಿಂತ ಮೊದಲು ಬಂದದ್ದು ಬಲೆಯವರು, ನಾಲ್ಕೈದು ಮಂದಿ. ಅವರ ಎದುರಿನಲ್ಲಿ ಲುಂಗಿ ಮೇಲೆ ಕಟ್ಟಿ, ಕಂಕುಳಲ್ಲಿ ಕೂಳಿ ಹಿಡಿದುಕೊಂಡು ಬಂದವರು ಯಾರು? ನಮ್ಮ ಅಧ್ಯಕ್ಷರು!

"ನೀವೇನು ಇಲ್ಲಿ?" ಎಂದೆ.

"ಕಾವಲಿಗೆ ಬಂದದ್ದು" ಎಂದರು.

"ಕೂಳಿ ಯಾಕೆ?"

ಅವರು ಕೂಳಿಯನ್ನು ಬೆನ್ನ ಹಿಂದೆ ಸರಿಸಿದರು. ಅಷ್ಟು ದೊಡ್ಡ ಕೂಳಿ ಅಷ್ಟು ಸಣ್ಣ ಬೆನ್ನಿನ ಹಿಂದೆ ಎಲ್ಲಿ ಅಡಗುತ್ತದೆ? "ಶಾಸ್ತ್ರಕ್ಕೆ ಮಾರಾಯ್ರೆ. ಒಂದೇ ಒಂದು. ಮಗಳು ಬಸುರಿ, ಉಬರ್ ಮೀನಿನ ಸಾರು ಬೇಕು ಅಂತ ಹಟ ಹಿಡಿದಿದ್ದಾಳೆ. ಬಯಕೆ ತೀರಿಸದಿದ್ದರೆ ಆಗ್ತದಾ?"

"ನನ್ನದೂ ಶಾಸ್ತ್ರಕ್ಕೇ" ಎಂದ ಇನ್ನೊಬ್ಬ. "ನನ್ನದೂ" ಎಂದ ಮತ್ತೊಬ್ಬ. ಎಲ್ಲರೂ ಶಾಸ್ತ್ರಕ್ಕೆ ಒಂದೊಂದು ತೆಗೆದರೆ ಮದಕಕ್ಕೆ ಹೋಗುವುದು ಎಂತ, ಕಪ್ಪೆಯಾ?

ಬೈದೆ. ಬೈಗುಳ ಕನ್ನಡದಲ್ಲಿ ಮುಗಿದು, ತುಳುವಿನಲ್ಲಿ ಮುಗಿದು, ನನ್ನ ಮನೆಮಾತು ಬ್ಯಾರಿಗೆ ಬಂತು. ಒಬ್ಬನೂ ಅಲುಗಲಿಲ್ಲ. ಅವರ ಕಾಲು ಆಗಲೇ ಹುಣಿಯ ಅಂಚಿನಲ್ಲಿತ್ತು. ಪಿಕಪ್ಪಿನಲ್ಲಿ ಒಂದು ಪೆಟ್ಟಿಗೆ ಬಂಗುಡೆ ಇದ್ದದ್ದು ಆಗ ನೆನಪಾಯಿತು. ಬೋಟು ಬಂದ್ ಆದ ಮೇಲೆ ಕೇರಳದ ಕಡೆಯಿಂದ ಐಸಿನಲ್ಲಿ ಬಂದದ್ದು, ಚಿನ್ನದ ಹಾಗೆ ಕಾದು ಮಾರುವ ಮೀನು. ತಲೆ ಕೆಟ್ಟುಹೋಗಿತ್ತು. "ನಿಮಗೆ ಸಾರು ಆಗಬೇಕು, ಅಷ್ಟೇ ಅಲ್ವಾ? ಬನ್ನಿ!" ಎಂದು ಎಲ್ಲರನ್ನೂ ರಸ್ತೆಗೆ ಎಳೆದುಕೊಂಡು ಹೋಗಿ, ಪ್ಲಾಸ್ಟಿಕ್ ತೊಟ್ಟೆಯಲ್ಲಿ ಬಂಗುಡೆ ತುಂಬಿಸಿ ಒಬ್ಬೊಬ್ಬರ ಕೈಗೆ ಹಾಕಿದೆ. "ತೆಗೆದುಕೊಳ್ಳಿ, ಶಾಸ್ತ್ರ ಮಾಡಿ. ತೋಡಿನ ಕಡೆ ತಿರುಗಿ ನೋಡಬೇಡಿ."

ಅಧ್ಯಕ್ಷರು ತೊಟ್ಟೆಯ ಒಳಗೆ ಮೂಸಿ ನೋಡಿ, "ಮಗಳಿಗೆ ಬಂಗುಡೆಯೂ ಆಗ್ತದೆ" ಎಂದರು.

ನನ್ನ ಬುದ್ಧಿಯನ್ನು ನಾನೇ ಮೆಚ್ಚಿಕೊಂಡು ಮನೆಗೆ ಹೋದೆ. ಎಂಥ ಉಪಾಯ! ಓದಿದವರಿಗೂ ಹೊಳೆಯದ್ದು!

ಮರುದಿನ ಬೆಳಿಗ್ಗೆ ಪುತ್ತೂರಿನಿಂದ ಇನ್ನೊಂದು ಪೆಟ್ಟಿಗೆ ಲೋಡು ಮಾಡಿಕೊಂಡು ತೋಡಿನ ಹತ್ತಿರ ಬಂದು ನೋಡಿದರೆ ಜಾತ್ರೆ. ಜನ್ಮದಲ್ಲಿ ಮೀನು ಹಿಡಿಯದವರೆಲ್ಲ ಬಲೆ ಹಿಡಿದು ಬಂದಿದ್ದರು. ಒಬ್ಬಳು ಅಜ್ಜಿಯ ಕೈಯಲ್ಲಿ ಅನ್ನ ಬಸಿಯುವ ಬುಟ್ಟಿ. ಒಬ್ಬನ ಹತ್ತಿರ ಕ್ರಿಕೆಟ್ ನೆಟ್ಟಿನ ತುಂಡು. ಎಲ್ಲರೂ ಅಕ್ಕನ ಹುಣಿಯ ಮೇಲೆ ಉದ್ದಕ್ಕೆ ನಿಂತು, ತೋಡಿಗೆ ಬೆನ್ನು ಹಾಕಿ, ನನ್ನ ಪಿಕಪ್ಪು ಬರುವ ದಾರಿಯನ್ನು ನೋಡುತ್ತಿದ್ದರು.

"ಎಂತ ಇದು?" ಎಂದೆ.

"ಮೀನು ಹಿಡಿಯಲಿಕ್ಕೆ ಬಂದದ್ದು ಕಾಕ" ಎಂದ ನಿನ್ನೆಯ ಒಬ್ಬ. "ಇವತ್ತು ತಡೆಯುದಿಲ್ವಾ ನೀವು?"

"ಹಿಡಿಯಲಿಕ್ಕೆ ಬಂದವರು ಹಿಡಿಯಿರಲ್ಲ!"

"ಛೆ, ಸಂಘದ ಠರಾವು ಉಂಟಲ್ವಾ. ನಾವು ಇಳಿಯುದಿಲ್ಲ. ನೀವು ಕೊಡುದನ್ನು ಕೊಟ್ಟರೆ ಸೀದಾ ಹೋಗ್ತೇವೆ."

ನಗಬೇಕಾ, ಅಳಬೇಕಾ? ಅವರ ಕಾಲಿನ ಬುಡದಲ್ಲಿ ಮೀನು ಹತ್ತುತ್ತಿತ್ತು. ಮೀಸೆಯ ಮುಗುಡುಗಳೂ ಬೆರಳುದ್ದದ ಬೆಳ್ಳಿ ಮೀನುಗಳೂ ಕಲ್ಲಿಗೆ ಹಾರಿ ಬಿದ್ದು ಮತ್ತೆ ಹಾರುತ್ತಿದ್ದವು. ನನಗೆ ಬುದ್ಧಿ ಬಂದ ಮೇಲೆ ಆ ತೋಡಿಗೆ ಒಂದೂ ಬಲೆ ಬೀಳದ ಉಬರ್ ಅದೊಂದೇ ಇರಬೇಕು. ಅದನ್ನು ನೋಡಿ ಒಂದು ಗಳಿಗೆ ಖುಷಿಪಡುವ ಎಂದರೆ, ಅಷ್ಟು ಜನರ ಭಾರಕ್ಕೆ ಹುಣಿ ಧಸಕ್ಕೆಂದು ಕುಸಿಯಿತು. ಒಂದು ಕಡೆಯಲ್ಲ, ಎರಡು ಮೂರು ಕಡೆ. ತೋಡಿನ ಕೆಂಪು ನೀರು ನೇಜಿಯ ಮೇಲೆ ನುಗ್ಗಿತು.

ಅದೇ ಹೊತ್ತಿಗೆ ಅಕ್ಕ ಬಂದರು. ಸುಬ್ರಹ್ಮಣ್ಯಕ್ಕೆ ಪೂಜೆಗೆ ಹೋದವರು ಬಸ್ಸು ಇಳಿದು, ಪ್ರಸಾದದ ಚೀಲ ಹಿಡಿದುಕೊಂಡೇ ಗದ್ದೆಗೆ ನಡೆದಿದ್ದರು. ಹುಣಿ ನೋಡಿದರು. ಜನ ನೋಡಿದರು. ಎಲ್ಲರ ಬೆರಳೂ ನನ್ನ ಕಡೆಗೆ.

"ಕಾಕ ಬಂಗುಡೆ ಕೊಡ್ತಾರೆ ಅಂತ..." ಎಂದರು ಅಧ್ಯಕ್ಷರು. ಹೌದು, ಅವರೂ ಇದ್ದರು. ಎರಡನೇ ದಿನದ ಬಯಕೆ.

ಜವಾಬ್ದಾರಿ ನನ್ನದು ಎಂದವನು ನಾನೇ. ಜೆಸಿಬಿ ಬಂದು ಮಣ್ಣು ಸುರಿಯುವುದು ಕಣ್ಣ ಮುಂದೆ ಕಂಡಿತು.

ಅಕ್ಕ ಪ್ರಸಾದದ ಚೀಲವನ್ನು ಅಜ್ಜಿಯ ಬುಟ್ಟಿಯಲ್ಲಿ ಇಟ್ಟು, ಸೀರೆ ಸಿಕ್ಕಿಸಿದರು. "ಯಾರೂ ಹೋಗಬಾರದು. ಹಾರೆ ಅಲ್ಲಿ ಕೊಟ್ಟಿಗೆಯಲ್ಲಿ ಉಂಟು. ಬುಟ್ಟಿ ಉಂಟು. ಹುಣಿ ಕಟ್ಟಿ ಆದ ಮೇಲೆ ಬಂಗುಡೆ. ಕಾಕ, ಪೆಟ್ಟಿಗೆ ತಂದು ನನ್ನ ಜಗಲಿಯ ಕೋಣೆಯಲ್ಲಿ ಇಡಿ. ಬೀಗದ ಕೈ ನನ್ನ ಹತ್ತಿರ."

"ಇವತ್ತಿನ ಪೆಟ್ಟಿಗೆ ಮಾರಲಿಕ್ಕೆ ಅಕ್ಕ, ಲೈನಿನಲ್ಲಿ ಜನ ಕಾಯ್ತಾರೆ" ಎಂದೆ.

"ಮಾರುದು ನಾಳೆ. ಇವತ್ತು ಮಣ್ಣು ಹೊರುದು."

ಮೂರು ವರ್ಷ ನಾನು ಕರೆದು ಕರೆದು ಗಂಟಲು ಹರಿದುಕೊಂಡರೂ ಬಾರದವರು, ಆ ಹೆಂಗಸಿನ ಒಂದು ಮಾತಿಗೆ ಸಾಲು ನಿಂತರು. ಮೊದಲು ನೀರಿಗೆ ಅಡ್ಡ ಕಲ್ಲು, ಅದರ ಮೇಲೆ ಸೊಪ್ಪು, ಸೊಪ್ಪಿನ ಮೇಲೆ ಮಣ್ಣು. ಅಧ್ಯಕ್ಷರು ಕೂಳಿಯಲ್ಲಿ ಮಣ್ಣು ತಂದರು, ಅರ್ಧ ದಾರಿಯಲ್ಲೇ ಸೋರಿತು. ಅಕ್ಕ ಹಿಂದಿನಿಂದ, "ಅಧ್ಯಕ್ಷರೇ, ಅದು ಮೀನಿಗೆ ಇರುದು, ಮಣ್ಣಿಗಲ್ಲ" ಎಂದರು. ನಾನು ಎಲ್ಲರಿಗಿಂತ ಹೆಚ್ಚು ಹೊತ್ತೆ. ಯಾರೂ ನೋಡಲಿಲ್ಲ, ಅದು ಬೇರೆ ವಿಷಯ. ನೇಜಿಯ ಒಂದು ಮೂಲೆ ಹೋಯಿತು, ಉಳಿದದ್ದು ಉಳಿಯಿತು.

ಸಂಜೆ ಎಲ್ಲರೂ ತೊಟ್ಟೆ ಹಿಡಿದು ಹೋದ ಮೇಲೆ ಕೇಳಿದೆ, "ಜೆಸಿಬಿಯವನಿಗೆ ಎಂತ ಹೇಳುದು ಅಕ್ಕ?"

ಅವರು ಹೊಸ ಹುಣಿಯ ಮೇಲೆ ಉದ್ದಕ್ಕೆ ನಡೆದು, ಹಿಮ್ಮಡಿಯಿಂದ ಅಲ್ಲಲ್ಲಿ ಒತ್ತಿ ನೋಡಿದರು. ಕೆಳಗೆ ತೋಡಿನಲ್ಲಿ ಮೀನು ಇನ್ನೂ ಹತ್ತುತ್ತಿತ್ತು. ಅದನ್ನೂ ಸ್ವಲ್ಪ ಹೊತ್ತು ನೋಡಿದರು.

"ಹುಣಿ ಮೊದಲಿಗಿಂತ ಗಟ್ಟಿ ಆಗಿದೆ. ಬರುದು ಬೇಡ ಅಂತ ಹೇಳ್ತೇನೆ. ಆದರೆ ಇನ್ನು ಕಾವಲಿಗೆ ನೀವೂ ಬರುದು ಬೇಡ. ನಿಮ್ಮ ಕಾವಲಿಗಿಂತ ಕಳ್ಳರೇ ವಾಸಿ ಮಾರಾಯ್ರೆ. ನಾನೇ ನಿಲ್ತೇನೆ."

ಅವತ್ತು ಗ್ರೂಪಿನಲ್ಲಿ ಫೋಟೋ ಬಂತು: 'ಸಂಘದ ಶ್ರಮದಾನ ಯಶಸ್ವಿ.' ಎದುರಿನಲ್ಲಿ ಹಾರೆ ಹಿಡಿದ ಅಧ್ಯಕ್ಷರು. ನಾನು ಇಲ್ಲ. ಫೋಟೋ ತೆಗೆದವನು ನಾನೇ.

ಈ ವರ್ಷವೂ ಮಳೆ ಬಂತು. ನನ್ನನ್ನು ಬೇಡ ಎಂದ ಜಾಗಕ್ಕೆ ನಾನು ಹೋಗುವವನಲ್ಲ. ಆದರೆ ರಸ್ತೆ ಸಾರ್ವಜನಿಕ, ಲೈನು ನನ್ನದು. ಅಕ್ಕನ ಗದ್ದೆಯ ಹತ್ತಿರ ಗಾಡಿ ನಿಧಾನ ಮಾಡಿ ನೋಡಿದೆ. ಹುಣಿಯ ತಲೆಯಲ್ಲಿ ಕೊಡೆ ಹಿಡಿದು ಅವರೊಬ್ಬರೇ ನಿಂತಿದ್ದರು, ಕೈಯಲ್ಲಿ ದನ ಅಟ್ಟುವ ಕೋಲು. ಸುತ್ತ ಒಂದು ಬಲೆಯೂ ಇಲ್ಲ. ಬಂದೆ ಎಂದು ತಿಳಿಯಲಿ ಎಂದು ಹಾರ್ನ್ ಹಾಕಿದೆ.

ಅವರು ಕೋಲು ಎತ್ತಿ ಬೀಸಿದರು. "ಎಂತ ಸಾವು ನಿಮ್ಮದು? ಹಾರ್ನ್ ನಿಲ್ಲಿಸಿ! ಮೀನು ಹತ್ತುತ್ತಾ ಉಂಟು!"

ನಿಲ್ಲಿಸಿದೆ. ಇಂಜಿನನ್ನೂ ಬಂದ್ ಮಾಡಿ, ಇಳಿಜಾರಿನಲ್ಲಿ ಗಾಡಿಯನ್ನು ಹಾಗೇ ಉರುಳಲು ಬಿಟ್ಟೆ. ಕೆಳಗಿನ ಮನೆಯ ಬೆಕ್ಕುಗಳಿಗೆ ಕೂಡ ಅವತ್ತು ನಾನು ಬಂದದ್ದು ಗೊತ್ತಾಗಲಿಲ್ಲ.