ಬಾಯಿಗಿ ಕೊಡ್ರಿ

"ಬಾಯಿಗಿ ಕೊಡ್ರಿ." ನನ್ನ ಹೆಂಡತಿ ಕೊನೆಗೆ ಹೇಳಿದ್ದು ಇಷ್ಟೇ. ನೀರು ಕೇಳಿದಳೆಂದು ಚಮಚದಿಂದ ಬಾಯಿಗೆ ಬಿಟ್ಟೆ. ಬೇಡವೆಂದು ತಲೆ ಅಲ್ಲಾಡಿಸಿದಳು. ಅಷ್ಟರಲ್ಲೇ ಹೋದಳು.

ಹತ್ತು ದಿನದ ಮೇಲೆ ಸಾತಪುರದ ಮರಾಠಿ ಸಾಲೆಯ ಟೀಚರ್ ಮನೆಗೆ ಬಂದರು. ಅವರ ಒಂದನೇ ವರ್ಗದ ಮಕ್ಕಳನ್ನು ಸಂಭಾಳಿಸಲು ನನ್ನಾಕಿ ಪಗಾರವಿಲ್ಲದೆ ದಿನಾ ಹೋಗುತ್ತಿದ್ದಳು.

"ಭಾವೂ, ಎಣಿಕೆ ಕಲಿಸಲಿಕ್ಕೆ ವೈನಿ ಹುಣಸೆಬೀಜದ ಸರ ಪೋಣಿಸ್ತಿದ್ರು. ಅದು ಮನ್ಯಾಗ ಅದ ಏನು?"

ಹುಡುಕಿದೆ. ಆಕಿಯ ದಿಂಬಿನ ಕೆಳಗೇ ಇತ್ತು.

"ಮಕ್ಕಳಿಗೆ ನಾನು ದೊಡ್ಡ ಬಾಯಿ, ವೈನಿ ಸಣ್ಣ ಬಾಯಿ," ಅಂದರು ಟೀಚರ್.

ಮರಾಠಿಯಲ್ಲಿ ಟೀಚರಿಗೆ ಬಾಯಿ ಅಂತಾರೆ. ನನಗೆ ಗೊತ್ತಿದ್ದ ಮಾತೇ. ಆಕಿ ಹೋದ ದಿನ ಹೊಳೆಯಲಿಲ್ಲ.

"ಗಂಟು ಹಾಕೋದು ಉಳಿದದ, ನಾಳೆ ತರ್ತೀನ್ರಿ," ಎಂದೆ.

ಮರುದಿನ ಮುಂಜಾನೆ ಗಂಟು ಹಾಕಿ, ಸಾಲೆಗೆ ಹೋಗಿ ಬಾಯಿಗೇ ಕೊಟ್ಟೆ. ಬಾಯಿ ನನಗೆ ಕುಡಿಯಲು ನೀರು ಕೊಟ್ಟರು.