ಸಾರು ಹರಿಯುವ ದಿಕ್ಕು

ಯಾರ ಮನೆಯಲ್ಲಿ ಊಟಕ್ಕೆ ಕುಳಿತರೂ ಬೋರಣ್ಣ ಮುದ್ದೆ ಮುರಿಯುವ ಮೊದಲು ತಟ್ಟೆಯಲ್ಲಿ ಸಾರು ಯಾವ ಕಡೆ ಹರಿಯುತ್ತದೆಂದು ನೋಡುತ್ತಿದ್ದ. "ನಿಮ್ಮನೆ ಪಡುವ್ಲಾಗಿ ವಾಲ್ಕೊಂಡದೆ ಕಣವ್ವ" ಎಂದು ಬಡಿಸುವ ಹೆಂಗಸಿಗೇ ಹೇಳಿಬಿಡುವನು. ಒಂದು ಗೃಹಪ್ರವೇಶದಲ್ಲಿ ಹೀಗೆಂದು, ಮನೆಯೊಡೆಯನಿಗೂ ಗಾರೆಯವನಿಗೂ ಎಲೆಯ ಮುಂದೆಯೇ ಜಗಳ ಹತ್ತಿಸಿದ್ದ.

ಕಿರಂಗೂರಿನಲ್ಲಿ ನಮ್ಮ ಪಕ್ಕದ ಮನೆಯವನು. ಸಕ್ಕರೆ ಕಾರ್ಖಾನೆಯಲ್ಲಿ ಫಿಟ್ಟರಾಗಿ ನಿವೃತ್ತನಾದವನು. ಎತ್ತರದ ಆಳು, ದನಿ ಅದಕ್ಕಿಂತ ಎತ್ತರ. "ನಾನು ಮುಟ್ಟಿದ್ ಮಿಷಿನ್ನು ನಿಲ್ಲಾಕಿಲ್ಲ ಕಣ್ಲಾ. ನಿಂತ್ರೆ ಅದು ಮಿಷಿನ್ನೇ ಅಲ್ಲ" ಎನ್ನುತ್ತಿದ್ದ. ಬೇರೆಯವರ ಜಂಬ ಕಂಡರೆ ನನಗೆ ಮೈಯುರಿ, ಅವನದು ಮಾತ್ರ ಕೇಳುತ್ತಲೇ ಇರಬೇಕೆನಿಸುತ್ತಿತ್ತು.

ತೊಂಬತ್ತರ ದಶಕದ ನಡುವೆ ಅವನೊಂದು ಹಳೆಯ ವ್ಯಾನು ಕೊಂಡು, ಒಳಗೆ ಮಂಚ, ಒಲೆ ಕೂರಿಸಿ ಮನೆಯನ್ನೇ ಮಾಡಿದ. ಕೊನೆಗೆ ಮೈಸೂರಿನ ಗುಜರಿಯಿಂದ ಪುಟ್ಟ ಫ್ರಿಜ್ಜೊಂದನ್ನು ತಂದ. ಯಾರೋ ಪರದೇಶದ ಪ್ರವಾಸಿಯ ಗಾಡಿಯಲ್ಲಿದ್ದದ್ದಂತೆ. ಕರೆಂಟು ಬೇಡ, ಗ್ಯಾಸಿನ ಉರಿಯಿಂದಲೇ ತಣ್ಣಗಾಗುತ್ತದೆ. ಬೆಂಕಿ ಹಚ್ಚಿ ನೀರು ತಣ್ಣಗೆ ಮಾಡುತ್ತಾನಂತೆ ಎಂದು ಊರವರು ನಕ್ಕರು.

ಇದೆಲ್ಲ ಹೆಂಡತಿ ಸಾಕಮ್ಮನಿಗಾಗಿ. ಆಕೆಗೆ ಸಕ್ಕರೆ ಕಾಯಿಲೆ. ಇನ್ಸುಲಿನ್ ಸದಾ ತಣ್ಣಗಿರಬೇಕೆಂದು ಡಾಕ್ಟರು ಹೇಳಿದ್ದರು. ತವರು ಶೀಳನೆರೆಯಲ್ಲಿ ಕರೆಂಟು ಬಂದರೆ ಬಂತು, ಹೋದರೆ ಹೋಯಿತು. ಹೀಗಾಗಿ ಸೂಜಿ ಶುರುವಾದ ಮೇಲೆ ಆಕೆ ತವರಿನಲ್ಲಿ ಒಂದು ರಾತ್ರಿಯೂ ಮಲಗಿರಲಿಲ್ಲ. "ನೆಂಟ್ರಂಗೆ ಓಗಿ ಬತ್ತೀನಿ ಕಣಕ್ಕ" ಎಂದು ನನ್ನ ತಾಯಿಯ ಮುಂದೆ ಕಣ್ಣೊರೆಸಿಕೊಳ್ಳುವಳು.

ಮನೆ ಮುಂದಿನ ಕಣದಲ್ಲಿ ನಿಂತಿದ್ದ ವ್ಯಾನಿನಲ್ಲಿ ಫ್ರಿಜ್ಜು ಚೆನ್ನಾಗಿ ತಣ್ಣಗಾಯಿತು. ಬೇಸಿಗೆಯ ಒಂದು ಬೆಳಗ್ಗೆ ಹೊರಟರು, ನಾನೂ ಹತ್ತಿಕೊಂಡೆ. ದಾರಿಯುದ್ದಕ್ಕೂ ಸಾಕಮ್ಮನ ಮಾತು ನಿಲ್ಲಲಿಲ್ಲ. ಶೀಳನೆರೆಯ ಅಂಗಳದಲ್ಲಿ ಬೋರಣ್ಣ ಗಾಡಿಯ ಮೂತಿಯನ್ನು ಪೂರ್ವಕ್ಕೆ ಮಾಡಿ ನಿಲ್ಲಿಸಿದ. ಆಯುಧಪೂಜೆ ಕಂಡ ಗಾಡಿ ಮೂಡಲಿಗೇ ಮುಖ ಮಾಡಬೇಕೆಂಬುದು ಅವನ ಹಠ.

ಮಧ್ಯಾಹ್ನವಾದರೂ ಫ್ರಿಜ್ಜಿನೊಳಗಿನ ನೀರು ತಣ್ಣಗಾಗಲಿಲ್ಲ. ದಾರಿಗೆಂದು ಔಷಧಿಯ ಜೊತೆ ಫ್ಲಾಸ್ಕಿನಲ್ಲಿಟ್ಟಿದ್ದ ಐಸು ಕರಗುತ್ತಿತ್ತು. ಬೋರಣ್ಣ ಉರಿ ನೋಡಿದ, ನೀಲಿಯಾಗಿಯೇ ಇತ್ತು. ಗ್ಯಾಸು ಬರುವ ತೂತನ್ನು ಊದಿದ, ಹೊಗೆ ಕೊಳವೆಯ ಮಸಿ ಕೆರೆದ. ಏನೂ ಆಗಲಿಲ್ಲ. ಸಾಕಮ್ಮ ಸೀರೆಗಳನ್ನು ಚೀಲಕ್ಕೆ ತುಂಬತೊಡಗಿದಳು. "ಬುಡಿ ಅತ್ಲಾಗೆ. ಒತ್ತಾರೆ ಬಂದು ಸಂಜೀಕೆ ಓಗಾದು ನಂಗೇನ್ ಒಸದಾ?"

ಬೋರಣ್ಣ ಮಸಿಗೈ ತೊಳೆದು ವ್ಯಾನಿನೊಳಗೆ ಹೋಗಿ ಕುಳಿತ. ಅವನ ಭಾವಮೈದುನ ವ್ಯಾನಿಗೇ ಊಟ ತಂದುಕೊಟ್ಟ. ತಟ್ಟೆಗೆ ಸಾರು ಬಿಟ್ಟರೆ ಅದು ಮುಂದಿನ ಅಂಚಿಗೆ ಓಡಿತು. ಬೋರಣ್ಣ ತಟ್ಟೆಯನ್ನು ತಿರುಗಿಸಿಟ್ಟ. ಮತ್ತೆ ಅದೇ ಕಡೆಗೆ ಓಡಿತು. ಎಂಜಲು ಕೈಯಲ್ಲೇ ಎದ್ದುನಿಂತ.

"ಲೇ, ಫ್ರಿಜ್ಜಿಗೆ ರೋಗ ಇಲ್ಲ ಕಣ್ಲಾ, ಗಾಡಿ ವಾಲ್ಕೊಂಡದೆ! ಇದ್ರ ಕೊಳವೇಲಿ ರಸ ತಂತಾನೇ ಇಳ್ದು ಸುತ್ತಬೇಕು. ವಾಲಿದ್ರೆ ಮೂಲೇಲಿ ನಿಂತ್ಬುಡ್ತದೆ."

ಅಂಗಳ ಪೂರ್ವಕ್ಕೆ, ಕೆರೆಯ ಕಡೆ ಇಳಿಜಾರಾಗಿತ್ತು. "ಕೊಟ್ಗೆ ತಾವ ಸಮ ಐತೆ ಭಾವ, ತೆಂಕ್ಲಾಗಿ ನಿಲ್ಸಿ" ಎಂದ ಭಾವಮೈದುನ.

"ತೆಂಕ್ಲಾಗಾ? ಯಮನ ಮನೇಗೇನ್ಲಾ?"

ಅವನು ಹಿಡಿದ ಮೊಲಕ್ಕೆ ಮೂರೇ ಕಾಲು. ಜಾಕಿಯಲ್ಲಿ ಗಾಡಿಯ ಮುಂಭಾಗ ಎತ್ತಿ, ಚಕ್ರಗಳಡಿಗೆ ಬಟ್ಟೆ ಒಗೆಯುವ ಕಲ್ಲನ್ನೂ ಜಗಲಿಯ ಚಪ್ಪಡಿಯನ್ನೂ ತಳ್ಳಿದ. ಮತ್ತೆ ಸಾರು ಬಿಡಿಸಿಕೊಂಡ. ಈ ಸಲ ಅದು ಮುದ್ದೆಯ ಸುತ್ತ ಸುಮ್ಮನೆ ನಿಂತಿತು. ಆಮೇಲೆಯೇ ಉಂಡದ್ದು.

ಹೊತ್ತು ಮುಳುಗುವ ವೇಳೆಗೆ ನೀರಿನ ಬಾಟಲಿ ಬೆವರಿತ್ತು. ಸಾಕಮ್ಮ ಅದನ್ನು ಕೆನ್ನೆಗೆ ಒತ್ತಿಕೊಂಡು ನಕ್ಕಳು, ಚೀಲದಿಂದ ಸೀರೆಗಳನ್ನು ಹೊರತೆಗೆದಳು. ವಾರವಿಡೀ ತವರಿನಲ್ಲಿ ಮಲಗಿದಳು. "ನಾನೇಳ್ನಿಲ್ವಾ?" ಎಂದು ಬೋರಣ್ಣ ಶೀಳನೆರೆಗೆಲ್ಲ ಕೇಳಿಸುವಂತೆ ಹೇಳಿದ. ಆಮೇಲೆ ನಾಗಮಂಗಲಕ್ಕೆ ಹೋಗಲಿ, ಕೆ.ಆರ್. ಪೇಟೆಗೆ ಹೋಗಲಿ, ಗಾಡಿ ನಿಂತೊಡನೆ ಮೊದಲು ಹೊರಬರುತ್ತಿದ್ದುದು ಊಟದ ತಟ್ಟೆ.

ಬೋರಣ್ಣ ತೀರಿಕೊಂಡ ಮೇಲೆ ವ್ಯಾನು ಓಡಿಸುವವರೂ ಅದರ ಫ್ರಿಜ್ಜಿಗೆ ಉರಿ ಹಚ್ಚುವವರೂ ಇಲ್ಲದಾಯಿತು. ಅವನ ದನಿಯಿಲ್ಲದ ಬೀದಿ ನನಗೆ ಇನ್ನೂ ಒಗ್ಗಿಲ್ಲ. ಸಾಕಮ್ಮ ತನ್ನ ಔಷಧಿಯನ್ನು ನಮ್ಮ ಮನೆಯ ಕರೆಂಟಿನ ಫ್ರಿಜ್ಜಿನಲ್ಲಿಡಲು ತಂದಳು. ಇಡುವ ಮೊದಲು ಬಗ್ಗಿ ಅದರ ಕಾಲುಗಳನ್ನು ನೋಡಿದಳು.

"ಸಮ ಮಾಡಿದ್ದೀಯೇನಪ್ಪ?"

ಇದಕ್ಕೆ ಅದೆಲ್ಲ ಬೇಡಮ್ಮ, ಹೇಗಿಟ್ಟರೂ ತಣ್ಣಗಾಗುತ್ತದೆ ಎಂದೆ.

ಆಕೆ ಔಷಧಿಯನ್ನು ಒಳಗಿಟ್ಟು ಬಾಗಿಲು ಮುಚ್ಚಿ, ಅದರ ಮೇಲೆ ಕೈಯಿಟ್ಟಳು. "ಎಂಗ್ ಮಡುಗಿದ್ರೂ ತಣ್ಣಗಾಯ್ತದಾ? ಅಂಗಾರೆ ಇದ್ಕೆ ನಮ್ಮೋರು ಬೇಕಾಗೇ ಇಲ್ಲ ಬುಡು" ಎಂದಳು.