ಅಣ್ಣನ ಮೂಗು, ನನ್ನ ಹಾಪ್ಸ್

ನನ್ನ ಮೂಗಿನ ಬಗ್ಗೆ ಮೊದಲೇ ಹೇಳಿಬಿಡುತ್ತೇನೆ. ಪಾಂಡವಪುರದ ಕಾಲೇಜೊಂದರಲ್ಲಿ ಇಪ್ಪತ್ತೇಳು ವರ್ಷ ರಸಾಯನಶಾಸ್ತ್ರ ಪಾಠ ಮಾಡಿ, ಲ್ಯಾಬಿನ ಅಮೋನಿಯಾ, ಆಸಿಡ್ಡುಗಳ ಹಬೆ ಎಳೆದೆಳೆದು ಅದು ಯಾವತ್ತೋ ಕೈಕೊಟ್ಟಿದೆ. ಒಲೆ ಮೇಲೆ ಹಾಲು ಸೀದರೂ ನನಗೆ ಗೊತ್ತಾಗುವುದು ಹೆಂಡತಿ ಬೈದ ಮೇಲೆಯೇ. ಇಂಥ ನಾನು ಮನೆಯ ಹಿತ್ತಿಲಲ್ಲಿ ಪೇಲ್ ಏಲ್ ಎಂಬ ಬಿಯರ್ ಕಾಯಿಸುವ ಹುಚ್ಚು ಹತ್ತಿಸಿಕೊಂಡೆ. ಆ ಬಿಯರಿಗೆ ವಾಸನೆಯೇ ಜೀವ.

ವಾಸನೆ ಕೊಡುವುದು ಹಾಪ್ಸ್. ಅದು ತಂಪು ದೇಶದ ಒಂದು ಬಳ್ಳಿಯ ಹೂವು. ನಮಗೆ ಸಿಗುವುದು ಹೂವಲ್ಲ, ಅದನ್ನು ಪುಡಿ ಮಾಡಿ ಒತ್ತಿದ ಹಸಿರು ಗುಳಿಗೆ. ಬೆಂಗಳೂರಿನಿಂದ ಕೊರಿಯರಿನಲ್ಲಿ ಬರುತ್ತದೆ, ನೋಡಲು ಥೇಟ್ ಹಸುವಿನ ಫೀಡು. ಯಾವ ಜಾತಿಯದನ್ನು ಆರಿಸಬೇಕು, ಯಾವಾಗ ಹಾಕಬೇಕು ಎಂದು ನಾನು ಓದಿ ಓದಿ ನೋಟ್ಸ್ ಮಾಡಿಕೊಂಡೆ. ಮೇಷ್ಟ್ರ ಬುದ್ಧಿ ಎಲ್ಲಿ ಹೋಗುತ್ತದೆ? ಆದರೂ ಮೊದಲ ನಾಲ್ಕು ಸಲ ಆದದ್ದು ಬೇವಿನ ಕಷಾಯ. ನನ್ನ ಜೊತೆ ಕುಡಿಯುವವರು ಇಬ್ಬರೇ, ಇಬ್ಬರೂ ಸಹೋದ್ಯೋಗಿಗಳು. ನಾಗಮಂಗಲದ ಗಣಿತದವನು ಸಭ್ಯ, ಸುಮ್ಮನೆ ಕುಡಿದ. ಕೆ.ಆರ್. ಪೇಟೆಯ ಕನ್ನಡದವನು ಮಾತ್ರ, ಇದು ಜಂತುಹುಳಕ್ಕೂ ಆಗುತ್ತದೆಯೇ ಎಂದು ವಿಚಾರಿಸಿದ.

ನಮ್ಮ ವಂಶದಲ್ಲಿ ಮೂಗು ಎಂದರೆ ಅಣ್ಣನದು. ಅವನು ಕಿರಂಗೂರಿನಲ್ಲಿ ಆಲೆಮನೆ ನಡೆಸುತ್ತಾನೆ. ಕಬ್ಬಿನ ಹಾಲು ಕಾಯಿಸಿ ಬೆಲ್ಲ ಮಾಡುವುದು ಅವನ ಕಸುಬು. ಕೊಪ್ಪರಿಗೆಯಿಂದ ಹತ್ತು ಮಾರು ದೂರದಲ್ಲಿ ಯಾರ ಜೊತೆಗೋ ಮಾತಾಡುತ್ತಾ ನಿಂತವನು, ಮಾತಿನ ಮಧ್ಯೆಯೇ ತಿರುಗಿ ಪಾಕ ಇಳಿಸಿ ಎನ್ನುತ್ತಾನೆ. ಬರೀ ಗಾಳಿಯಲ್ಲಿ ಬಂದ ವಾಸನೆಯಿಂದ. ಆದರೆ ಅವನನ್ನು ಬಿಯರಿನ ಹತ್ತಿರ ಕರೆಯುವ ಹಾಗಿರಲಿಲ್ಲ.

ಹನ್ನೊಂದು ವರ್ಷದ ಹಿಂದೆ ಅಣ್ಣ ಕುಡಿದು ಒಲೆಯ ಮುಂದೆ ಕೂತಿದ್ದಾಗ ಕೊಪ್ಪರಿಗೆ ಉಕ್ಕಿ, ಕುದಿಯುವ ಪಾಕ ಅತ್ತಿಗೆಯ ಪಾದದ ಮೇಲೆ ಬಿತ್ತು. ಅವರು ಆಸ್ಪತ್ರೆಯಿಂದ ಬಂದ ದಿನ ಅಣ್ಣ ನಮ್ಮೆಲ್ಲರ ಎದುರಿಗೆ ಆ ಪಾದ ಮುಟ್ಟಿ, ಇನ್ನು ಬಾಯಿಗೆ ಹಾಕುವುದಿಲ್ಲ ಎಂದ. ನಮ್ಮ ಕಡೆ ಗಂಡ ಹೆಂಡತಿಯ ಪಾದ ಮುಟ್ಟಿದ್ದನ್ನು ಅದಕ್ಕೆ ಮುಂಚೆ ನಾನು ನೋಡಿರಲಿಲ್ಲ, ಆಮೇಲೂ ನೋಡಿಲ್ಲ. ಅವತ್ತಿನಿಂದ ಅಣ್ಣ ಹನಿ ಮುಟ್ಟಿಲ್ಲ. ಮದುವೆ ಮನೆಗಳಲ್ಲಿ ಗೆಳೆಯರು ಗಂಟುಬಿದ್ದರೆ ಎದ್ದು ಬರುತ್ತಾನೆ. ಹಾಗಾಗಿ ಹಿತ್ತಿಲಿನ ವಿಚಾರವನ್ನು ನಾನು ಅವನಿಂದ ಮುಚ್ಚಿಟ್ಟಿದ್ದೆ.

ಮುಚ್ಚಿಟ್ಟದ್ದು ಒಂದು ಭಾನುವಾರ ಬಯಲಾಯಿತು. ಬೆಲ್ಲ ಕೊಟ್ಟು ಹೋಗಲು ಬಂದ ಅಣ್ಣ ಮೊಪೆಡ್ ನಿಲ್ಲಿಸುವ ಮೊದಲೇ ವಾಸನೆ ಹಿಡಿದು ಸೀದಾ ಹಿತ್ತಿಲಿಗೆ ನಡೆದ. ಅಲ್ಲಿ ಮಾಲ್ಟಿನ, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ, ನೀರು ಮರಳುತ್ತಿತ್ತು. ನಾನು ಕಳ್ಳನ ಹಾಗೆ ನಿಂತಿದ್ದೆ. ಇದೇನು ಎಂದು ಕೇಳಿದ, ಹೇಳಿದೆ. ಬೈಯುತ್ತಾನೆ ಅಂದುಕೊಂಡರೆ ಪಾತ್ರೆಯ ಮೇಲೆ ಬಗ್ಗಿ ಹಬೆಯನ್ನು ಮೂಸಿ, ಆಗತಾನೇ ನಾನು ಹಾಕಿದ್ದೇನು ಎಂದು ಕೇಳಿ, ಕೊನೆಗೆ ನನ್ನ ಮುಖ ನೋಡಿದ.

"ವಾಸ್ನೆಯೆಲ್ಲ ಮೇಲಕ್ಕೋಯ್ತಾ ಅದಲ್ಲಲಾ. ಊರಿಗೆಲ್ಲ ಅಂಚ್ಬುಟ್ರೆ ಪಾತ್ರೇಲಿ ಏನ್ ಉಳೀತದೆ?"

ನನ್ನ ನೋಟ್ಸಿನ ಹದಿನಾರು ಪುಟ ಈ ಒಂದು ಮಾತಿನಲ್ಲಿತ್ತು. ಹಾಪ್ಸ್ ಹೆಚ್ಚು ಹೊತ್ತು ಕುದಿದರೆ ಕಹಿ ಉಳಿಯುತ್ತದೆ, ಪರಿಮಳ ಹಾರಿಹೋಗುತ್ತದೆ. ಕಹಿಗೆ ಬೇಕಾದಷ್ಟನ್ನು ಮೊದಲು ಹಾಕಿ, ಪರಿಮಳದ್ದನ್ನು ಒಲೆ ಆರಿಸಿದ ಮೇಲೆ ಹಾಕಬೇಕು. ಇನ್ನೂ ಬೇಕೆಂದರೆ ತಣ್ಣಗಾಗಿ ಯೀಸ್ಟಿನಿಂದ ಹುದುಗು ಬಂದ ಬಿಯರಿಗೆ ಹಾಕಿ ಮೂರು ದಿನ ಬಿಡಬೇಕು. ಇದನ್ನೆಲ್ಲ ಓದಿಯೂ ನಾನು ಹೆದರಿ ಎಲ್ಲವನ್ನೂ ಕುದಿಸುತ್ತಿದ್ದೆ. ಪಕ್ಕದಲ್ಲಿ ನಿಂತಿದ್ದ ನನ್ನ ಹೆಂಡತಿ, ಸಾರಿಗೆ ಕೊತ್ತಂಬರಿ ಸೊಪ್ಪು ಯಾವಾಗ ಹಾಕುತ್ತಾರೆಂದು ನನ್ನನ್ನು ಕೇಳಿದ್ದರೆ ಸಾಕಿತ್ತಲ್ಲ ಎಂದಳು.

ಅವತ್ತೇ ಅಣ್ಣ ಒಂದು ಅನಾಹುತವನ್ನೂ ಮಾಡಿದ. ನಾನು ಫೋನಿಗೆಂದು ಒಳಗೆ ಹೋದಾಗ ಪಾತ್ರೆಯಲ್ಲಿ ನೊರೆ ಎದ್ದಿದೆ. ಆಲೆಮನೆಯಲ್ಲಿ ಮಡ್ಡಿ ಎದ್ದರೆ ಬೆಂಡೆಯ ಲೋಳೆ ಹಾಕುತ್ತಾರೆ, ಕೊಳೆಯೆಲ್ಲ ಮೇಲೆ ಬರುತ್ತದೆ. ಅಣ್ಣನ ಕೈ ಸುಮ್ಮನಿರಬೇಕಲ್ಲ. ಅಡುಗೆಮನೆಯಿಂದ ಅರ್ಧ ಕೇಜಿ ಬೆಂಡೆಕಾಯಿ ತರಿಸಿ, ಜಜ್ಜಿ, ನೀರಿಗೆ ಕಲಸಿ ಹೊಯ್ದುಬಿಟ್ಟಿದ್ದ. ಆ ಸಲದ ಬಿಯರು ಕನ್ನಡಿಯ ಹಾಗೆ ತಿಳಿಯಾಯಿತು, ನಿಜ. ಆದರೆ ಬಗ್ಗಿಸಿದರೆ ಲೋಟದಿಂದ ಬಾಟಲಿಯವರೆಗೆ ಎಳೆ ಹಿಡಿಯುತ್ತಿತ್ತು. ಗಣಿತದವನು ಕೂಡ ಸಭ್ಯತೆ ಬಿಟ್ಟ.

ಆಮೇಲೆ ಮೂರು ವರ್ಷ, ನಾನು ಬಿಯರ್ ಕಾಯಿಸಿದ ಭಾನುವಾರವೆಲ್ಲ ಅಣ್ಣ ಬಂದ. ಗುಳಿಗೆಯನ್ನು ಅಂಗೈಯಲ್ಲಿ ಹಾಕಿ ಉಜ್ಜಿ, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಉಸಿರೆಳೆಯುತ್ತಿದ್ದ. ಕ್ಯಾಸ್ಕೇಡ್ ಎಂಬ ಹಾಪ್ಸ್ ಜಾತಿ ಅವನ ಬಾಯಲ್ಲಿ ಕಿತ್ತಳೆ ಸಿಪ್ಪೆಯದು. ಸಿಟ್ರಾ, ಮಾವಿನಕಾಯಿ ತೊಟ್ಟು ಮುರಿದಾಗಿನ ಸೊನೆಯದು. ಸಾಜ್ ಎಂದರೆ ಹುಲ್ಲಿನ ಮೆದೆ. ನಾನು ಬಾಯಿ ಕಟ್ಟದೆ ಇಟ್ಟಿದ್ದ ಒಂದು ಪೊಟ್ಟಣವನ್ನು ಮೂಸಿ, ಮುಗ್ಗಿದ ತುಪ್ಪದ ವಾಸನೆ ಎಂದು ತಿಪ್ಪೆಗೆ ಎಸೆದ. ಕಿತ್ತಳೆ ಎರಡು ಪಾಲು, ಸೊನೆ ಒಂದು ಪಾಲು ಎಂದು ಅವನು ಹೇಳಿದ ಲೆಕ್ಕದ ಬಿಯರನ್ನು ಕನ್ನಡದವನು ಮೂರು ಲೋಟ ಕುಡಿದು, ಯಾವ ಅಂಗಡಿಯದು ಎಂದು ಕೇಳಿದ. ನನಗೆ ಆದ ಹೆಮ್ಮೆಯನ್ನು ಈಗಲೂ ಬರೆಯಲಾರೆ. ಆದ ಬಿಯರನ್ನು ಅಣ್ಣ ಮೂಸಿ ನೋಡಿ ಲೋಟವನ್ನು ನನಗೆ ವಾಪಸು ಕೊಡುತ್ತಿದ್ದ, ಅಷ್ಟೇ. ಅಷ್ಟರಿಂದಲೇ ಅವನು ಖುಷಿಯಾಗಿದ್ದಾನೆ ಎಂದು ನಾನು ಭಾವಿಸಿದ್ದೆ.

ಕಳೆದ ಮಾಘದಲ್ಲಿ ಒಂದು ಮಧ್ಯಾಹ್ನ ನಾನು ಒಳಗಿನಿಂದ ಬಾಟಲಿಗಳನ್ನು ತರುತ್ತಿದ್ದೆ. ಅಣ್ಣ ಬಾಗಿಲಿಗೆ ಬೆನ್ನು ಮಾಡಿ ಕೂತಿದ್ದ. ಲೋಟ ಮೂಗಿನ ಹತ್ತಿರ ಇರಲಿಲ್ಲ, ತುಟಿಯಲ್ಲಿತ್ತು. ನಾನು ನಿಂತಲ್ಲೇ ನಿಂತೆ. ನನ್ನ ಕೈಯ ಬಾಟಲಿಗಳು ಒಂದಕ್ಕೊಂದು ತಾಗಿದವು. ಅಣ್ಣ ಲೋಟ ಕೆಳಗಿಟ್ಟ. ತಿರುಗಿ ನೋಡಲಿಲ್ಲ. ಸೊನೆಯದು ಒಂದು ಹಿಡಿ ಹೆಚ್ಚಾಯಿತು ಎಂದು ಹೇಳಿ ಹೊರಟುಹೋದ.

ಹನ್ನೊಂದು ವರ್ಷ ಕಾಪಾಡಿಕೊಂಡು ಬಂದದ್ದನ್ನು ನನ್ನ ಹುಚ್ಚು ಒಂದು ಗುಟುಕಿನಲ್ಲಿ ಕಳೆಯುವುದರಲ್ಲಿತ್ತು. ಆಣೆ ಮುರಿದರೆ ಅತ್ತಿಗೆಗೆ ನಾನು ಯಾವ ಮುಖ ತೋರಿಸಲಿ? ಮರುದಿನವೇ ಅಣ್ಣನಿಗೆ ಫೋನ್ ಮಾಡಿ, ಗ್ಯಾಸ್ಟ್ರಿಕ್ಕು, ಡಾಕ್ಟರು ಬಿಯರು ಬಿಡಿ ಅಂದಿದ್ದಾರೆ, ಇನ್ನು ಕಾಯಿಸುವುದಿಲ್ಲ ಎಂದು ಸುಳ್ಳು ಹೇಳಿದೆ. ಆ ಕಡೆಯಿಂದ ಸರಿ ಎಂಬ ಒಂದೇ ಮಾತು ಬಂತು. ಅದಾದ ಮೇಲೆ ಅಣ್ಣ ನಮ್ಮ ಮನೆಗೆ ಬರಲಿಲ್ಲ. ಯುಗಾದಿಗೆ ಬೆಲ್ಲ ಬಂತು, ಬೇರೆಯವರ ಕೈಯಲ್ಲಿ.

ಯುಗಾದಿಯಾದ ವಾರಕ್ಕೆ ಅತ್ತಿಗೆ ಒಬ್ಬರೇ ಬಸ್ಸು ಹತ್ತಿ ಬಂದರು. ಕಾಫಿ ಮುಟ್ಟಲಿಲ್ಲ, ನನ್ನನ್ನು ಹಿತ್ತಿಲಿಗೆ ಕರೆದರು. ನಾನು ತಪ್ಪೊಪ್ಪಿಕೊಳ್ಳಲು ಬಾಯಿ ತೆರೆದರೆ, ಅವರಿಗೆ ಎಲ್ಲವೂ ಮೊದಲ ದಿನದಿಂದಲೇ ಗೊತ್ತಿತ್ತು. ಪ್ರತಿ ಭಾನುವಾರ ಅಣ್ಣ ಮನೆಗೆ ಹೋಗಿ, ಕೈ ತೊಳೆಯುವ ಮೊದಲು ಅಂಗೈಯನ್ನು ಅವರ ಮೂಗಿನ ಹತ್ತಿರ ಹಿಡಿದು, ಇವತ್ತಿನದು ಯಾವುದು ಹೇಳು ಎನ್ನುತ್ತಿದ್ದನಂತೆ. ಒಂದು ಕಾಲದಲ್ಲಿ ಗಂಡ ಬಾಗಿಲು ತಳ್ಳಿದೊಡನೆ ಭಯದಿಂದ ಅವನ ಬಾಯಿ ಮೂಸುತ್ತಿದ್ದ ಹೆಂಗಸು ಮೂರು ವರ್ಷ ಅವನ ಕೈ ಮೂಸಿ ನಕ್ಕಿದ್ದರು. ಅತ್ತಿಗೆಗೆ ಕಿತ್ತಳೆ ಸುಲಭ, ಸೊನೆ ಮತ್ತು ಮೆದೆ ತಪ್ಪಿಹೋಗುತ್ತಿತ್ತಂತೆ.

"ತುಟಿಗ್ ಇಟ್ಟಿದ್ನೂ ಅವತ್ತೇ ಬಂದು ಹೇಳವ್ರೆ ಕಣಪ್ಪ," ಎಂದರು. "ನೀನೇನ್ ಲೋಟ ಕಿತ್ಕಂಡಿರ್ಲಿಲ್ಲ. ಒಂದ್ ತೊಟ್ಟೂ ಕುಡೀದೆ ಅವ್ರೇ ಕೆಳುಕ್ ಇಟ್ರು. ಅದುನ್ನ ನೋಡ್ನಿಲ್ಲ, ಉಳಿದಿದ್ದುನ್ನೇ ನೋಡ್ಬುಟ್ಟೆ ನೀನು."

ಬಾಟಲಿಗಳ ಸದ್ದಿಗೆ ಅವನು ಲೋಟ ಇಟ್ಟ ಎಂದೇ ನಾನು ನಂಬಿದ್ದೆ. ಅತ್ತಿಗೆ ಇನ್ನೊಂದು ಮಾತನ್ನೂ ಹೇಳಿದರು. ಆಲೆಮನೆಯಲ್ಲಿ ಪಾಕದ ಹದ ನೋಡಿದವನು ಬಾಯಿಗೆ ಹಾಕಿಕೊಳ್ಳದೆ ಅಚ್ಚಿಗೆ ಸುರಿಯುವುದಿಲ್ಲ. ನಲವತ್ತು ವರ್ಷ ಹಾಗೆ ಬದುಕಿದವನಿಂದ ಮೂರು ವರ್ಷ ಹದ ಕೇಳಿಕೊಂಡು, ಒಂದು ತೊಟ್ಟೂ ರುಚಿ ತೋರಿಸದೆ ಕಳಿಸಿದ್ದೀಯ. ಅಮಲು ಬರದ ಹಾಗೆ ಅದೇ ಹೂವಿನಿಂದ ಏನಾದರೂ ಮಾಡಲು ನಿನ್ನ ಓದಿಗೆ ಆಗುವುದಿಲ್ಲವೇ ಎಂದು ಕೇಳಿದರು. ಸಿಟ್ಟಿನಲ್ಲಿ ಕೇಳಲಿಲ್ಲ, ಅದೇ ಹೆಚ್ಚು ನಾಟಿತು.

ಆಗುತ್ತದೆ, ಏಕಾಗುವುದಿಲ್ಲ! ಇಷ್ಟು ವರ್ಷ ಹೊಳೆಯದ್ದಕ್ಕೆ ನನಗೆ ನನ್ನ ಮೇಲೆಯೇ ಕೋಪ ಬಂತು. ನೀರು ಕಾಯಿಸಿ ಇಳಿಸಿ, ಕಿತ್ತಳೆ ಎರಡು ಪಾಲು, ಸೊನೆ ಒಂದು ಪಾಲು ಗುಳಿಗೆ ಹಾಕಿ ಮುಚ್ಚಿದೆ. ಅವಸರದಲ್ಲಿ ಬಟ್ಟೆಗೆ ಹಾಕಿ ಗಟ್ಟಿಯಾಗಿ ಹಿಂಡಿ ಸೋಸಿ, ಅಣ್ಣನ ಬೆಲ್ಲವನ್ನೇ ಕದಡಿ, ನಿಂಬೆ ಹಿಂಡಿ, ತಣ್ಣಗೆ ಮಾಡಿ ಸೋಡಾ ಬೆರೆಸಿದೆ. ಅಮಲು ಬರಿಸುವ ಯೀಸ್ಟಿನ ಪೊಟ್ಟಣವನ್ನು ಮುಟ್ಟಲೇ ಇಲ್ಲ. ಎರಡು ಬಾಟಲಿ ತುಂಬಿಕೊಂಡು ಅತ್ತಿಗೆಯ ಜೊತೆ ಕಿರಂಗೂರಿಗೆ ಹೋದೆ.

ಅಣ್ಣ ಆಲೆಮನೆಯ ಜಗಲಿಯ ಮೇಲೆ ಕೂತಿದ್ದ. ನನ್ನನ್ನು ಕಂಡು, ಗ್ಯಾಸ್ಟ್ರಿಕ್ಕು ಹೇಗಿದೆ ಎಂದು ವಿಚಾರಿಸಿದ. ಅತ್ತಿಗೆ ಲೋಟಕ್ಕೆ ಸುರಿದು ತಾವೇ ಮೊದಲು ಒಂದು ಗುಟುಕು ಕುಡಿದು, ಮುಖ ಹಿಂಡಿಕೊಂಡು, ಬರೀ ಪಾನಕ ಎಂದು ಹೇಳಿ ಅವನ ಕೈಗಿತ್ತರು. ಅಣ್ಣ ಅದನ್ನು ಮೂಗಿಗೆ ಹಿಡಿದ. ಮೂಗಿಗೆ ಹಿಡಿದವನು ಬಹಳ ಹೊತ್ತು ಇಳಿಸಲಿಲ್ಲ. ಆಮೇಲೆ ಹೆಂಡತಿಯ ಮುಖ ನೋಡಿದ. ಅವರು ತಲೆಯಾಡಿಸಿದರು. ಕುಡಿದ, ಪೂರ್ತಿ ಕುಡಿದ. ಲೋಟ ಇಳಿಸಿದಾಗ ಅವನ ಕಣ್ಣು ತುಂಬಿತ್ತು, ನನ್ನ ಕಣ್ಣೂ.

ಅಣ್ಣ, ತಪ್ಪಾಯಿತು, ಅವತ್ತು ನಾನು ನಿನ್ನನ್ನು ನಂಬಬೇಕಿತ್ತು ಎಂದೆ. ಅಣ್ಣ ಖಾಲಿ ಲೋಟವನ್ನು ಇನ್ನೊಮ್ಮೆ ಮೂಸಿ ನೋಡಿದ.

"ಬಟ್ಟೇಲಿ ಆಕಿ ಇಂಡ್ಬುಟ್ಟಿದ್ದೀಯ, ಒಗರೆಲ್ಲ ಇಳ್ದದೆ. ತಪ್ಪಂದ್ರೆ ಅದು ಕಣ್ಲಾ," ಎಂದ. "ಭಾನ್ವಾರ ಬತ್ತೀನಿ. ನಾನ್ ಬರಗಂಟ ಏನೂ ಮುಟ್ಬ್ಯಾಡ."